ಮೂಟೆಯ ಜೊತೆ ಹೋಗುವ ಚೀಟಿ: ಸಂಘದ ಲೆಕ್ಕ ಕ್ಲೌಡಿಗೆ ಹೋದಾಗ ಕಲಿತ ಪಾಠ



ಕಳೆದ ಹಂಗಾಮಿನಲ್ಲಿ ನಮ್ಮ ಸಂಘದ ತೂಕದ ಚೀಟಿ, ದರ, ಮುಂಗಡ ಮತ್ತು ಪಾವತಿಯ ಲೆಕ್ಕವನ್ನು ಕಚೇರಿಯ ಹಳೆಯ ಕಂಪ್ಯೂಟರಿನಿಂದ ಬಿಡಿಸಿ ಕ್ಲೌಡಿಗೆ ಸೇರಿಸಿದ ವಿಷಯ ತಮಗೆಲ್ಲ ತಿಳಿದೇ ಇದೆ. ಆ ಮೊದಲ ವಾರದಲ್ಲಿಯೇ ಹನ್ನೊಂದು ಮಂದಿ ಸದಸ್ಯರ ಚೀಟಿಯಲ್ಲಿ ಹಿಂದಿನ ದಿನದ ದರ ಬಿದ್ದು, ಅದರಿಂದ ಕೆಲವರಿಗೆ ಮನಸ್ತಾಪವಾದದ್ದೂ ತಮಗೆ ಗೊತ್ತಿರುವ ಮಾತೇ. ಆಗ ನಡೆದದ್ದೇನು, ತಪ್ಪು ಯಾರದು, ಮುಂದೆ ಹಾಗಾಗದಂತೆ ಏನು ಏರ್ಪಾಡು ಮಾಡಿದ್ದೇವೆ ಎಂದು ವಾರ್ಷಿಕ ಸಭೆಯಲ್ಲಿ ಹಲವರು ಕೇಳಿದ್ದರು. ಸಭೆಯ ಗಡಿಬಿಡಿಯಲ್ಲಿ ಸಮಾಧಾನವಾಗಿ ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಾವು ಓದಿದ್ದು ಬಿ.ಎಸ್ಸಿ., ಬದುಕಿದ್ದು ತೋಟದಲ್ಲಿ, ಕಂಪ್ಯೂಟರ್ ಪಂಡಿತರಲ್ಲ. ಲೆಕ್ಕಕ್ಕೆ ಸಹಿ ಹಾಕುವವರಿಗೆ ಎಷ್ಟು ತಿಳಿದಿರಬೇಕೋ ಅಷ್ಟನ್ನು ಕಲಿತು ಹೇಳುವ ಪ್ರಯತ್ನ ಇದು.

ಕ್ಲೌಡ್ ಎಂದರೆ ಏನು?

ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಯಾವ ಸಣ್ಣ ಬೆಳೆಗಾರನೂ ಕಾಫಿಯ ಹೊಟ್ಟು ಬಿಡಿಸಲು, ಗ್ರೇಡ್ ಮಾಡಲು ಮನೆಯಲ್ಲಿ ಯಂತ್ರ ಇಟ್ಟುಕೊಂಡಿಲ್ಲ. ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಕಳಿಸುತ್ತೇವೆ. ಅವರ ಯಂತ್ರ, ಅವರ ವಿದ್ಯುತ್ತು, ಅವರ ಕಾವಲು. ನಾವು ಕೂಲಿ ಕೊಡುತ್ತೇವೆ. ಕ್ಲೌಡ್ ಕೂಡ ಹೀಗೆಯೇ. ದೊಡ್ಡ ಕಂಪೆನಿಗಳು ಸಾವಿರಾರು ಕಂಪ್ಯೂಟರುಗಳನ್ನು ಒಂದೆಡೆ ಕೂಡಿಸಿ, ಬೇಕಾದವರಿಗೆ ಬೇಕಾದಷ್ಟು ಹೊತ್ತು ಬಾಡಿಗೆಗೆ ಕೊಡುತ್ತವೆ. ಅಮೆಜಾನ್ ಕಂಪೆನಿ ಇದನ್ನು 2006ರಲ್ಲಿ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ನಂತರ ಗೂಗಲ್, ಮೈಕ್ರೋಸಾಫ್ಟ್ ಮೊದಲಾದವು ಬಂದವು. ಅಮೆಜಾನಿನ ಮುಂಬಯಿ ಕೇಂದ್ರ 2016ರಲ್ಲಿ, ಗೂಗಲ್‌ನ ಮುಂಬಯಿ ಕೇಂದ್ರ 2017ರಲ್ಲಿ ತೆರೆದದ್ದರಿಂದ ನಮ್ಮ ಲೆಕ್ಕ ಈಗ ಕಡಲು ದಾಟಿ ಹೋಗಬೇಕಾದ್ದಿಲ್ಲ.

ನಾವೇಕೆ ಅಲ್ಲಿಗೆ ಹೋದೆವು ಎಂಬುದೂ ಗುಟ್ಟಲ್ಲ. ಅದರ ಹಿಂದಿನ ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಕಚೇರಿಯ ಕಂಪ್ಯೂಟರ್ ಸುಟ್ಟು, ಎಂಟು ದಿನ ಲೆಕ್ಕ ನಿಂತುಹೋಯಿತು. ಪುಣ್ಯಕ್ಕೆ ತಿಂಗಳ ಹಿಂದಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಉಳಿದದ್ದನ್ನು ಗುಮಾಸ್ತರು ತೂಕದ ಚೀಟಿಯ ಅಡಿಪ್ರತಿ ನೋಡಿಕೊಂಡು ರಾತ್ರಿಯೆಲ್ಲ ಕುಳಿತು ಮತ್ತೆ ಬರೆದರು. ಆ ಎಂಟು ದಿನ ಮುಂಗಡಕ್ಕೆ ಬಂದ ಸದಸ್ಯರನ್ನು ಬರಿಗೈಯಲ್ಲಿ ಕಳಿಸಿದ ನೋವು ನಮಗಿನ್ನೂ ಇದೆ. ಸದಸ್ಯರೊಬ್ಬರ ಮಗಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದು, ರಜೆಗೆ ಬಂದಾಗ ಈ ಅವಸ್ಥೆ ನೋಡಿ, ನಮ್ಮ ಲೆಕ್ಕದ ಅಪ್ಲಿಕೇಶನ್ನನ್ನು ಹೊಸದಾಗಿ ಬರೆದುಕೊಟ್ಟಳು. ಪೈಥಾನ್ ಭಾಷೆಯಲ್ಲಿ, ಜಾಂಗೋ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು. ಜಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ. 2005ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ.

ಯಂತ್ರ ಒಂದೇ, ಚೀಟಿ ಬೇರೆ

ಕ್ಯೂರಿಂಗ್‌ಗೆ ಮೂಟೆ ಕಳಿಸುವಾಗ ಜೊತೆಗೊಂದು ಚೀಟಿ ಹೋಗುತ್ತದೆ. ಯಾರ ಮೂಟೆ, ಅರೇಬಿಕಾವೋ ರೋಬಸ್ಟಾವೋ, ಪಾರ್ಚ್‌ಮೆಂಟೋ ಚೆರಿಯೋ, ಹಣ ಯಾವ ಖಾತೆಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಚೀಟಿ ಇಲ್ಲದ ಮೂಟೆ ಗೋದಾಮಿನಲ್ಲಿ ಅನಾಥ. ಅಪ್ಲಿಕೇಶನ್ನಿಗೂ ಇಂಥದೇ ಒಂದು ಚೀಟಿ ಬೇಕು. ಅದನ್ನು ಇಂಗ್ಲಿಷಿನಲ್ಲಿ ಕಾನ್ಫಿಗರೇಶನ್ ಎನ್ನುತ್ತಾರೆ. ನಾವು ಸೆಟ್ಟಿಂಗ್ ಎಂದೇ ಕರೆಯೋಣ.

ಅಪ್ಲಿಕೇಶನ್ನಿನೊಳಗೆ ಎರಡು ಬಗೆಯ ಸಂಗತಿಗಳಿವೆ. ತೂಕದಿಂದ ಮೂಟೆಯ ತೂಕ ಕಳೆ, ತೇವಾಂಶಕ್ಕೆ ಕಡಿತ ಹಾಕು, ದರದಿಂದ ಗುಣಿಸು, ಮುಂಗಡ ಕಳೆ - ಇದು ಎಲ್ಲಿ ಓಡಿದರೂ ಒಂದೇ. ಇದು ಪ್ರೋಗ್ರಾಂ. ಆದರೆ ಲೆಕ್ಕದ ಪುಸ್ತಕ, ಅಂದರೆ ಡೇಟಾಬೇಸ್, ಎಲ್ಲಿದೆ? ಅದರ ಬೀಗದ ಕೈ ಯಾವುದು? ಗಡಿಯಾರ ಯಾವ ದೇಶದ್ದು? ಇದು ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಒಂದು ರೀತಿ, ಪರೀಕ್ಷೆಗೆ ಇಟ್ಟ ಪ್ರತಿಯಲ್ಲಿ ಒಂದು ರೀತಿ, ನಿಜವಾದ ಲೆಕ್ಕ ನಡೆಯುವಲ್ಲಿ ಇನ್ನೊಂದು ರೀತಿ. ಹೀಗೆ ಜಾಗದಿಂದ ಜಾಗಕ್ಕೆ ಬದಲಾಗುವುದೆಲ್ಲ ಸೆಟ್ಟಿಂಗ್. ಬಾರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲ ತೋಟಕ್ಕೂ ಒಂದೇ; ಎಂದು ಹೊಡೆಯಬೇಕು, ಎಷ್ಟು ಡ್ರಮ್ಮು ಬೇಕು, ದೋಟಿ ಎಷ್ಟುದ್ದ ಎಂಬುದು ತೋಟ ನೋಡಿ ಹೇಳಬೇಕಾದ್ದು. ವ್ಯತ್ಯಾಸ ಇಷ್ಟೇ.

ಈ ಎರಡನ್ನೂ ಬೇರೆ ಬೇರೆ ಇಡಬೇಕೆಂಬುದು ಈ ವೃತ್ತಿಯಲ್ಲಿ ಒಪ್ಪಿತವಾದ ಕ್ರಮ. ಹೆರೋಕು ಎಂಬ ಕ್ಲೌಡ್ ಸಂಸ್ಥೆಯವರು 2011ರ ಸುಮಾರಿಗೆ ಹನ್ನೆರಡು ಸೂತ್ರಗಳನ್ನು ಬರೆದು ಪ್ರಕಟಿಸಿದರು. ಮೂರನೆಯ ಸೂತ್ರ ಇದೇ. ಅದಕ್ಕೊಂದು ಸುಲಭ ಪರೀಕ್ಷೆಯನ್ನೂ ಹೇಳಿದ್ದಾರೆ: ನಿಮ್ಮ ಪ್ರೋಗ್ರಾಮನ್ನು ಈ ಕ್ಷಣ ಊರಿಗೆಲ್ಲ ಹಂಚಿದರೂ ಒಂದು ಗುಟ್ಟೂ ಹೊರಬೀಳದೆಂದಾದರೆ ಸರಿಯಾಗಿ ಬೇರ್ಪಡಿಸಿದ್ದೀರಿ, ಇಲ್ಲವಾದರೆ ಇಲ್ಲ.

ಬೇರ್ಪಡಿಸಿದ ಸೆಟ್ಟಿಂಗುಗಳನ್ನು ಕ್ಲೌಡ್ ಕಂಪೆನಿಯ ನಮ್ಮ ಖಾತೆಯ ಪುಟದಲ್ಲಿ ಹೆಸರು ಮತ್ತು ಬೆಲೆಯಾಗಿ ತುಂಬುತ್ತಾರೆ. ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು. ಅಪ್ಲಿಕೇಶನ್ ಬೆಳಿಗ್ಗೆ ಎದ್ದ ಆಳಿನಂತೆ, ಶುರುವಾಗುವಾಗ ಒಮ್ಮೆ ಅವನ್ನು ಕೇಳಿಕೊಂಡು ಕೆಲಸಕ್ಕೆ ಹೊರಡುತ್ತದೆ. ನಡುವೆ ಸೆಟ್ಟಿಂಗ್ ಬದಲಿಸಿದರೆ ಅಪ್ಲಿಕೇಶನ್ನನ್ನು ನಿಲ್ಲಿಸಿ ಮತ್ತೆ ಶುರುಮಾಡುವ ತನಕ ಹೊಸದು ಅದಕ್ಕೆ ತಿಳಿಯುವುದಿಲ್ಲ.

ಆ ಗುರುವಾರ ನಡೆದದ್ದು

ಫೆಬ್ರವರಿಯ ಒಂದು ಸೋಮವಾರ ನಾವು ಹೊಸ ಏರ್ಪಾಡಿಗೆ ಹೋದೆವು. ಸಂಜೆ ಗುಮಾಸ್ತರು ಮರುದಿನದ ದರ ತುಂಬುವುದು, ಬೆಳಿಗ್ಗೆ 6 ಗಂಟೆಗೆ ಅಪ್ಲಿಕೇಶನ್ ತಾನಾಗಿ ಅದನ್ನು ಜಾರಿಗೆ ತರುವುದು, 9.30ಕ್ಕೆ ತೂಕ ಆರಂಭ - ಇದು ಕ್ರಮ. ಮಂಗಳವಾರ, ಬುಧವಾರ ದರ ಬದಲಾಗಲಿಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡೆವು. ಗುರುವಾರ ರೋಬಸ್ಟಾ ಚೆರಿಗೆ ಮೂಟೆಯ ಮೇಲೆ 300 ರೂಪಾಯಿ ಏರಿತ್ತು. ಬಾಗಿಲಿನ ಬೋರ್ಡಿನಲ್ಲಿ ಹೊಸ ದರವನ್ನೇ ಬರೆದಿದ್ದೆವು.

ಮಧ್ಯಾಹ್ನ ಊಟದ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಬಂದು ಚೀಟಿಯನ್ನು ನಮ್ಮ ಮೇಜಿನ ಮೇಲಿಟ್ಟರು. ಅವರದು ಎರಡೂವರೆ ಎಕರೆ ತೋಟ. ಆ ದಿನ ತಂದದ್ದು 18 ಮೂಟೆ.

"ಸೆಕ್ರೆಟರಿಗಳೇ, ಬೋರ್ಡಿನಲ್ಲಿ ಒಂದು, ಚೀಟಿಯಲ್ಲಿ ಒಂದು. ನಾನು ಯಾವುದನ್ನ ನಂಬಲಿ?" ಎಂದರು.

ನೋಡಿದರೆ ಚೀಟಿಯಲ್ಲಿ ಹಿಂದಿನ ದಿನದ ದರ. 18 ಮೂಟೆಗೆ 5,400 ರೂಪಾಯಿ ಕಡಿಮೆ. ಆ ಬೆಳಿಗ್ಗೆ 11.30ರ ಒಳಗೆ ತೂಗಿದ ಹನ್ನೊಂದೂ ಚೀಟಿಗಳು ಹೀಗೆಯೇ ಇದ್ದವು. ಅದರ ನಂತರದವು ಸರಿಯಾಗಿದ್ದವು. ಒಟ್ಟು 143 ಮೂಟೆ, 42,900 ರೂಪಾಯಿ.

ಬೆಂಗಳೂರಿಗೆ ಫೋನು ಮಾಡಿದೆವು. 11.30 ಎಂಬ ಮಾತು ಕೇಳುತ್ತಲೇ ಆಕೆಗೆ ಹೊಳೆಯಿತು. ಕ್ಲೌಡ್ ಕಂಪ್ಯೂಟರುಗಳ ಗಡಿಯಾರವನ್ನು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯಕ್ಕೆ ಇಟ್ಟಿರುತ್ತಾರೆ. ನಮ್ಮ ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿ ಬೆಳಗಿನ 6 ಎಂದರೆ ಇಲ್ಲಿ 11.30. ಹಳೆಯ ಕಂಪ್ಯೂಟರ್ ನಮ್ಮ ಕಚೇರಿಯಲ್ಲೇ ಇದ್ದುದರಿಂದ ಇದು ಎಂದೂ ಗಮನಕ್ಕೆ ಬಂದಿರಲಿಲ್ಲ.

"ಮಾವ, ಪಟ್ಟಿಯಲ್ಲಿ ಸಮಯದ ಸಾಲಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ ಕಳಿಸಿದ್ದೆನಲ್ಲ?" ಎಂದಳು.

ಕಡತ ತೆಗೆದು ನೋಡಿದೆವು. ಒಂಬತ್ತು ಸಾಲಿನ ಪಟ್ಟಿ. ಐದನೆಯ ಸಾಲು: 'ಸಮಯ ವಲಯ - ?'. ಕೆಳಗೆ ನಮ್ಮದೇ ಸಹಿ, ಸಂಘದ ಮೊಹರು. ಓದದೆ ಸಹಿ ಹಾಕಿದ್ದೆವು. ಕಂಪ್ಯೂಟರಿನ ವಿಷಯ, ಅದು ಅವರಿಗೆ ಬಿಟ್ಟದ್ದು ಎಂಬ ಉದಾಸೀನ. ತಪ್ಪು ಯಂತ್ರದ್ದೂ ಅಲ್ಲ, ಆ ಹುಡುಗಿಯದೂ ಅಲ್ಲ, ಗುಮಾಸ್ತರದೂ ಅಲ್ಲ. ಇದನ್ನು ಇಲ್ಲಿ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಹನ್ನೊಂದು ಮಂದಿಗೂ ಆ ವಾರದೊಳಗೆ ವ್ಯತ್ಯಾಸದ ಹಣ ಜಮಾ ಆಯಿತು. ಆದರೆ ಒಂದು ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಆ ದಿನ ದರ ಏರುವ ಬದಲು ಇಳಿದಿದ್ದರೆ ಸದಸ್ಯರಿಗೆ ಹೆಚ್ಚು ಹಣ ಹೋಗುತ್ತಿತ್ತು. ಚೀಟಿ ಹಿಡಿದು ಬರುವವರು ಯಾರೂ ಇರುತ್ತಿರಲಿಲ್ಲ. ಸಂಘ ತಿಂಗಳುಗಟ್ಟಲೆ ಸೋರುತ್ತಿತ್ತು. ಆ ಹಿರಿಯರು ಚೀಟಿ ಓದಿದ್ದರಿಂದ ಸಂಘ ಉಳಿಯಿತು.

ಒಂಬತ್ತು ಸಾಲುಗಳು

ಈಗ ಆ ಪಟ್ಟಿಯನ್ನು ಸಾಲು ಸಾಲಾಗಿ ಕಲಿತಿದ್ದೇವೆ. ಬೇರೆ ಸಂಘದವರಿಗೂ, ಮನೆಯಲ್ಲಿ ಇಂಥ ಕೆಲಸ ಮಾಡುವ ಮಕ್ಕಳಿರುವವರಿಗೂ ಉಪಯೋಗವಾದೀತೆಂದು ಕೊಡುತ್ತಿದ್ದೇವೆ.

1. ಡೇಟಾಬೇಸಿನ ವಿಳಾಸ. ಪರೀಕ್ಷೆಯ ಪುಸ್ತಕ ಬೇರೆ, ನಿಜವಾದ ಪುಸ್ತಕ ಬೇರೆ ಇರಬೇಕು. ಪರೀಕ್ಷೆಗೆಂದು ಅಳಿಸಿದ್ದು ನಿಜವಾದ ಲೆಕ್ಕವಾಗಿಬಿಟ್ಟರೆ ಕೈಗೆ ಬಂದ ಫಸಲು ಮಳೆಗೆ ಸಿಕ್ಕಿದಂತೆ. ನಮ್ಮಲ್ಲಿ ಪರೀಕ್ಷೆಯ ಪ್ರತಿಯ ಪರದೆಗೆ ಹಳದಿ ಬಣ್ಣ ಹಾಕಿಸಿದ್ದೇವೆ; ನೋಡಿದೊಡನೆ ತಿಳಿಯುತ್ತದೆ.

2. ಗುಪ್ತ ಕೀಲಿ. ಡೇಟಾಬೇಸಿನ ಪಾಸ್‌ವರ್ಡ್, ಎಸ್ಸೆಮ್ಮೆಸ್ ಕಳಿಸುವ ಸೇವೆಯ ಕೀಲಿ, ಜಾಂಗೋ ಕೇಳುವ ಸೀಕ್ರೆಟ್ ಕೀ - ಇವು ಪ್ರೋಗ್ರಾಮಿನೊಳಗೆ ಇರಬಾರದು. ಪರೀಕ್ಷೆಗೂ ನಿಜಕ್ಕೂ ಒಂದೇ ಕೀಲಿ ಇಡಬಾರದು.

3. ಡೀಬಗ್. ಪ್ರೋಗ್ರಾಂ ಬರೆಯುವಾಗ ತಪ್ಪು ಕಂಡುಹಿಡಿಯಲು ಇದನ್ನು ತೆರೆದಿರುತ್ತಾರೆ. ಆಗ ಏನಾದರೂ ಕೆಟ್ಟರೆ ಒಳಗಿನ ವಿವರವೆಲ್ಲ ಪರದೆಯ ಮೇಲೆ ಬರುತ್ತದೆ. ಸಾರ್ವಜನಿಕರಿಗೆ ತೆರೆಯುವಾಗ ಇದು ಮುಚ್ಚಿರಲೇಬೇಕು. ಇಲ್ಲೊಂದು ಮೋಸವಿದೆ: ಸೆಟ್ಟಿಂಗ್ ಪುಟದಲ್ಲಿ ತುಂಬಿದ್ದೆಲ್ಲ ಬರಿಯ ಅಕ್ಷರ. 'ಫಾಲ್ಸ್' ಎಂದು ಬರೆದರೂ, ಪೈಥಾನ್ ಅದನ್ನು ಖಾಲಿಯಲ್ಲದ ಅಕ್ಷರವೆಂದು ಎಣಿಸಿ 'ಹೌದು' ಎಂದೇ ತಿಳಿಯುತ್ತದೆ. ಆ ಅಕ್ಷರವನ್ನು ಓದಿ ಅರ್ಥ ಮಾಡುವ ಸಾಲನ್ನು ಪ್ರೋಗ್ರಾಮಿನಲ್ಲಿ ಬರೆದಿರಬೇಕು.

4. ಹೆಸರು. ಡೀಬಗ್ ಮುಚ್ಚಿದ ಮೇಲೆ, ಅಪ್ಲಿಕೇಶನ್ ಯಾವ ವಿಳಾಸಕ್ಕೆ ಓಗೊಡಬೇಕೆಂದು ಜಾಂಗೋವಿಗೆ ಹೇಳಬೇಕು. ಹೇಳದಿದ್ದರೆ ಬಂದವರನ್ನೆಲ್ಲ ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಹೊಸಬರು ಅಪ್ಲಿಕೇಶನ್ನೇ ಕೆಟ್ಟಿತೆಂದು ಗಾಬರಿಯಾಗುವುದು ಇಲ್ಲಿಯೇ.

5. ಸಮಯ ವಲಯ. 'ಏಷ್ಯಾ ಕೋಲ್ಕತಾ' ಎಂದು ತುಂಬಬೇಕು. ಅಪ್ಲಿಕೇಶನ್ನಿನಲ್ಲಿ ತುಂಬಿದರೆ ಸಾಲದು. ನಿಗದಿತ ಹೊತ್ತಿಗೆ ಕೆಲಸ ಎಬ್ಬಿಸುವ ಅಲಾರಾಂ ಬೇರೆಯೇ ಇರುತ್ತದೆ. ಅದು ಯುಟಿಸಿ ಮಾತ್ರ ತಿಳಿದದ್ದಾದರೆ ಬೆಳಗಿನ 6ಕ್ಕೆ ಬದಲು ಮಧ್ಯರಾತ್ರಿಯ 12.30 ಎಂದು ಕೊಡಬೇಕು.

6. ಪೋರ್ಟ್. ಕ್ಲೌಡ್ ಕಂಪೆನಿಯೇ ಅಪ್ಲಿಕೇಶನ್ನಿಗೆ ಬಾಗಿಲ ಸಂಖ್ಯೆ ಕೊಡುತ್ತದೆ. ಮನೆಯ ಅಭ್ಯಾಸದಂತೆ ಬೇರೆ ಬಾಗಿಲಲ್ಲಿ ಕಾದು ಕುಳಿತರೆ, ಯಾರೂ ಬರಲಿಲ್ಲವೆಂದು ಕಂಪೆನಿ ಅದನ್ನು ನಿಲ್ಲಿಸಿಬಿಡುತ್ತದೆ.

7. ಕಡತಗಳ ಜಾಗ. ಇಂಥ ಬಾಡಿಗೆ ಕಂಪ್ಯೂಟರಿನ ಒಳಗೆ ಬರೆದಿಟ್ಟದ್ದು ಹಲವು ಏರ್ಪಾಡುಗಳಲ್ಲಿ ಅದು ಮತ್ತೆ ಶುರುವಾದಾಗ ಅಳಿಸಿಹೋಗುತ್ತದೆ. ಕಣದಲ್ಲಿ ಸುಣ್ಣದಿಂದ ಬರೆದ ಲೆಕ್ಕ ಇದ್ದಂತೆ. ಚೀಟಿಯ ಫೋಟೋ, ಪಹಣಿಯ ನಕಲು ಮೊದಲಾದವನ್ನು ಪ್ರತ್ಯೇಕ ಉಗ್ರಾಣದಲ್ಲಿಡಬೇಕು. ಆ ಉಗ್ರಾಣದ ವಿಳಾಸವೂ ಒಂದು ಸೆಟ್ಟಿಂಗ್. ಅದು ಊರಿಗೆಲ್ಲ ತೆರೆದಿರದಂತೆ ನೋಡಿಕೊಳ್ಳಬೇಕು.

8. ಕೇಂದ್ರ ಮತ್ತು ನಕಲು. ಲೆಕ್ಕ ಯಾವ ಊರಿನ ಕೇಂದ್ರದಲ್ಲಿರಬೇಕು, ದಿನಕ್ಕೆಷ್ಟು ಸಲ ನಕಲು ತೆಗೆಯಬೇಕು, ಎಷ್ಟು ದಿನ ಇಡಬೇಕು. ನಕಲು ಇದ್ದರೆ ಸಾಲದು, ಅದರಿಂದ ಲೆಕ್ಕ ಮತ್ತೆ ಎಬ್ಬಿಸಿ ನೋಡಿರಬೇಕು. ನಾವು ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ.

9. ಖರ್ಚಿನ ಮಿತಿ. ಬಾಡಿಗೆ ಬಳಕೆಯಂತೆ ಏರುತ್ತದೆ. ಇಷ್ಟು ದಾಟಿದರೆ ತಿಳಿಸು ಎಂದು ಕೇಳಿಡಬಹುದು; ಆದರೆ ತಿಳಿಸುವುದು ಬೇರೆ, ನಿಲ್ಲಿಸುವುದು ಬೇರೆ. ಹಲವು ಕಡೆ ಎಚ್ಚರಿಕೆಯ ಪತ್ರ ಬರುತ್ತದೆಯೇ ಹೊರತು ಮೀಟರು ನಿಲ್ಲುವುದಿಲ್ಲ. ಒಮ್ಮೆಗೆ ಎಷ್ಟು ಕಂಪ್ಯೂಟರುಗಳ ತನಕ ಏರಬಹುದು ಎಂಬ ಗರಿಷ್ಠ ಮಿತಿಯನ್ನೂ ತುಂಬಬೇಕು.

ಜಾಂಗೋದಲ್ಲಿ 'ಚೆಕ್ ಡಿಪ್ಲಾಯ್' ಎಂಬ ಒಂದು ಆಜ್ಞೆಯಿದೆ. ಸಾರ್ವಜನಿಕರಿಗೆ ತೆರೆಯುವ ಮುನ್ನ ಓಡಿಸಿದರೆ ಭದ್ರತೆಯ ಕೊರತೆಗಳನ್ನು ಹೆಸರಿಸಿ ಹೇಳುತ್ತದೆ. ಆದರೆ ನಮ್ಮ ತೂಕ ಎಷ್ಟು ಗಂಟೆಗೆ ಆರಂಭ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿದವರು ನಾವು ಮಾತ್ರ.

ದೊಡ್ಡವರೂ ಎಡವಿದ್ದಾರೆ

ನಮ್ಮದು ಸಣ್ಣ ಸಂಘ. ಆದ್ದರಿಂದ ಹೀಗಾಯಿತೆಂದು ಯಾರೂ ತಿಳಿಯಬೇಕಾದ್ದಿಲ್ಲ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪೆನಿ ತನ್ನ ಎಂಟು ಕಂಪ್ಯೂಟರುಗಳಲ್ಲಿ ಏಳಕ್ಕೆ ಹೊಸ ಪ್ರೋಗ್ರಾಂ ಹಾಕಿ ಒಂದನ್ನು ಮರೆತಿತು. ಹೊಸ ಕೆಲಸಕ್ಕೆ ಬಳಸಿದ ಸೆಟ್ಟಿಂಗಿನ ಗುರುತು ಆ ಎಂಟನೆಯದರಲ್ಲಿ, ಬಳಕೆ ಬಿಟ್ಟಿದ್ದ ಹಳೆಯ ಕೆಲಸವನ್ನು ಎಬ್ಬಿಸಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತು.

ಊಬರ್ ಬಾಡಿಗೆ ಕಾರಿನ ಕಂಪೆನಿಯಲ್ಲಿ 2016ರಲ್ಲಿ, ಪ್ರೋಗ್ರಾಂ ಇಡುವ ಖಾಸಗಿ ಕಪಾಟಿನೊಳಗೆ ಕ್ಲೌಡಿನ ಬೀಗದ ಕೈಯನ್ನೂ ಬರೆದಿಟ್ಟಿದ್ದರು. ಕಪಾಟು ಮುರಿದವರಿಗೆ ಅದು ಸಿಕ್ಕಿ, ಸುಮಾರು 5 ಕೋಟಿ 70 ಲಕ್ಷ ಜನರ ವಿವರ ಹೊರಹೋಯಿತು. ಕಂಪೆನಿ ಅದನ್ನು ಹೇಳಿದ್ದು 2017ರ ನವೆಂಬರಿನಲ್ಲಿ. 2018ರಲ್ಲಿ ಅಮೆರಿಕದ ರಾಜ್ಯಗಳಿಗೆ 14 ಕೋಟಿ 80 ಲಕ್ಷ ಡಾಲರ್ ತೆರಬೇಕಾಯಿತು. ಗೋದಾಮಿನ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿದರೆ ಬೀಗದಿಂದ ಏನು ಪ್ರಯೋಜನ?

ನಮ್ಮ ದೇಶದಲ್ಲಿಯೂ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯ್ದೆ ಬಂದಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಿದ್ದಾರೆ. ಮಾಹಿತಿ ಕಾಯಲು ತಕ್ಕ ಎಚ್ಚರ ವಹಿಸದಿದ್ದರೆ 250 ಕೋಟಿ ರೂಪಾಯಿಯ ತನಕ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಸದಸ್ಯರ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಸಂಘದ ಬಳಿ ಇವೆ. ಅವನ್ನು ನಂಬಿ ಕೊಟ್ಟಿದ್ದೀರಿ. ದಂಡದ ಭಯಕ್ಕಿಂತ ಆ ನಂಬಿಕೆ ದೊಡ್ಡದು.

ಈಗಿನ ಏರ್ಪಾಡು

ಕಚೇರಿಯಲ್ಲಿ ಸೆಟ್ಟಿಂಗ್ ವಹಿ ಎಂದು ಒಂದು ಪುಸ್ತಕ ತೆರೆದಿದ್ದೇವೆ. ಪ್ರತಿ ಸೆಟ್ಟಿಂಗಿನ ಹೆಸರು, ಅದು ಮಾಡುವ ಕೆಲಸ, ಬದಲಿಸಿದ ದಿನಾಂಕ, ಬದಲಿಸಿದವರ ಮತ್ತು ಪರೀಕ್ಷಿಸಿದ ಇನ್ನೊಬ್ಬರ ಸಹಿ ಅದರಲ್ಲಿರುತ್ತದೆ. ಗುಪ್ತ ಕೀಲಿಗಳ ಹೆಸರು ಮಾತ್ರ ಇರುತ್ತದೆ. ಕೀಲಿಗಳು ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯೊಳಗಿವೆ. ಕೆಲಸ ಬಿಟ್ಟುಹೋಗುವವರು ಯಾರೇ ಆಗಲಿ, ಅವರು ತಿಳಿದಿದ್ದ ಕೀಲಿಗಳನ್ನು ಅಂದೇ ಬದಲಿಸಲಾಗುವುದು. ಇದು ಯಾರ ಮೇಲಿನ ಅನುಮಾನವೂ ಅಲ್ಲ, ಕ್ರಮ.

ಎರಡನೆಯದಾಗಿ, ಒಂಬತ್ತು ಸಾಲುಗಳಲ್ಲಿ ಯಾವುದೊಂದು ಖಾಲಿಯಿದ್ದರೂ ಅಪ್ಲಿಕೇಶನ್ ಶುರುವಾಗುವುದೇ ಇಲ್ಲ, ಖಾಲಿ ಸಾಲಿನ ಹೆಸರು ಹೇಳಿ ನಿಲ್ಲುತ್ತದೆ. ಸುಮ್ಮನೆ ತನಗೆ ತೋಚಿದ್ದನ್ನು ಊಹಿಸಿಕೊಂಡು ಓಡುವುದಕ್ಕಿಂತ ನಿಂತು ಕೇಳುವುದು ಮೇಲು. ಅಂದು ಹಾಗೆ ನಿಂತಿದ್ದರೆ ಗುರುವಾರದ ಪ್ರಸಂಗವೇ ನಡೆಯುತ್ತಿರಲಿಲ್ಲ.

ಮೂರನೆಯದಾಗಿ, ಈಗ ಪ್ರತಿ ಚೀಟಿಯಲ್ಲಿ ದರದ ಕೆಳಗೆ ಆ ದರ ಜಾರಿಯಾದ ದಿನಾಂಕ ಮತ್ತು ಗಂಟೆ ಮುದ್ರಿತವಾಗುತ್ತದೆ. ತೂಕ ಆರಂಭಿಸುವ ಮೊದಲು ಗುಮಾಸ್ತರು ಒಂದು ಪರೀಕ್ಷೆಯ ಚೀಟಿ ತೆಗೆದು ಬೋರ್ಡಿನೊಂದಿಗೆ ಹೋಲಿಸಿ ನೋಡುತ್ತಾರೆ. ಮಳೆಗಾಲದಲ್ಲಿ ಇಂಟರ್‌ನೆಟ್ ಕಡಿದರೆಂದು ಇಂಗಾಲದ ಹಾಳೆಯ ಹಳೆಯ ಚೀಟಿ ಪುಸ್ತಕವನ್ನೂ ಬಿಟ್ಟಿಲ್ಲ. ಸಿಡಿಲು ಬಡಿದಾಗ ನಮ್ಮನ್ನು ಕಾಪಾಡಿದ್ದು ಅದೇ.

ಸದಸ್ಯರಲ್ಲಿ ಒಂದು ಬಿನ್ನಹ. ಚೀಟಿ ಕೈಗೆ ಬಂದಾಗ ಜೇಬಿಗೆ ಹಾಕುವ ಮುನ್ನ ಬೋರ್ಡನ್ನು ಒಮ್ಮೆ ನೋಡಿರಿ. ದರ, ಗಂಟೆ, ತೂಕ ಮೂರೂ ಸರಿಯಿವೆಯೇ ಎಂದು ಓದಿರಿ. ಕಡಿಮೆ ಬಿದ್ದರೂ ಹೇಳಿರಿ, ಹೆಚ್ಚು ಬಿದ್ದರೂ ಹೇಳಿರಿ. ಸೆಟ್ಟಿಂಗ್ ವಹಿಯನ್ನು ಕಚೇರಿಯ ವೇಳೆಯಲ್ಲಿ ಯಾವ ಸದಸ್ಯರೂ ಬಂದು ನೋಡಬಹುದು. ನಾವು ಇನ್ನು ಓದದೆ ಸಹಿ ಹಾಕುವುದಿಲ್ಲ. ತಾವೂ ಓದದೆ ಚೀಟಿ ಮಡಚಬೇಡಿರಿ.

- ಕಾರ್ಯದರ್ಶಿ